ನಾಯಿಗೆ ನೆಟ್ಟ ಕಲ್ಲು, ಯುದ್ಧಕ್ಕೆ ಸಾಕ್ಷಿ: ಶಾಸನವನ್ನು ಅರ್ಥೈಸುವ ಬಗೆ

(ಶಾಸನಾಸಕ್ತರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಶಾಸನವಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ಕಲ್ಲು ಅದು. ದಕ್ಷಿಣ ಭಾರತದ ಇತಿಹಾಸ ಬರೆದವರೆಲ್ಲ ಅದರ ಬಳಿ ಒಮ್ಮೆ ನಿಂತೇ ಮುಂದೆ ಹೋಗಿದ್ದಾರೆ. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ಇಂದಿನ ತಮಿಳುನಾಡಿನ ತಕ್ಕೋಲದಲ್ಲಿ ನಡೆದ ಯುದ್ಧಕ್ಕೆ ಅದು ಮುಖ್ಯ ಆಧಾರ. ಆದರೆ ಕಲ್ಲು ನೆಟ್ಟದ್ದು ಆ ಯುದ್ಧದ ನೆನಪಿಗಲ್ಲ, ಕಾಳಿ ಎಂಬ ಬೇಟೆನಾಯಿಯ ನೆನಪಿಗೆ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಾದುವ ಚಿತ್ರವೇ ಇದೆ.

ಶಾಸನ ಹೇಳುವ ಸಂಗತಿ ಹೀಗಿದೆ. ಕೃಷ್ಣ ಚೋಳ ರಾಜಾದಿತ್ಯನ ಮೇಲೆ ನಡೆದು ತಕ್ಕೋಲದಲ್ಲಿ ಕಾದುತ್ತಾನೆ. ಕೃಷ್ಣನ ಸಾಮಂತ, ಗಂಗ ಬೂತುಗ ರಾಜಾದಿತ್ಯನನ್ನು ಕೊಲ್ಲುತ್ತಾನೆ. ಮೆಚ್ಚಿದ ಕೃಷ್ಣ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂಬ ನಾಡುಗಳನ್ನು ಕೊಡುತ್ತಾನೆ (ಈ ಸಂಖ್ಯೆಗಳ ಮಾತು ಮುಂದೆ ಬರುತ್ತದೆ). ಬೂತುಗನ ಆಳು ಮಣಲೇರನೂ ಆ ಯುದ್ಧದಲ್ಲಿ ಶೌರ್ಯ ತೋರಿದವನೇ. ಮೆಚ್ಚಿದ್ದೇನೆ, ಬೇಡಿಕೋ ಎಂದು ಬೂತುಗ ಹೇಳಿದಾಗ ಅವನು ಕೇಳಿದ್ದು ಕಾಳಿಯನ್ನು. ಮುಂದೆ ಕೆಳಲೆನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ಆ ನಾಯಿ ದೊಡ್ಡ ಹಂದಿಯೊಂದನ್ನು ಎದುರಿಸಿತು, ಎರಡೂ ಸತ್ತವು. ಆಗ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಟ್ಟು, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಗದ್ದೆ ಬಿಟ್ಟರು. ಈ ಕಲ್ಲನ್ನು ಪೂಜಿಸದೆ ಉಂಡರೆ ಅಲ್ಲಿನ ಗೊರವನಿಗೆ (ಶೈವ ಪೂಜಾರಿಗೆ) ನಾಯಿಯ ಪಾಪ ತಗಲುತ್ತದೆ ಎಂಬ ಶಾಪಾಶಯವೂ ಇದೆ.

ಇತಿಹಾಸದ ಪುಸ್ತಕಗಳಲ್ಲಿ ಈ ಕಲ್ಲಿನ ಅರ್ಧ ಮಾತ್ರ ಸಿಗುತ್ತದೆ. ತಕ್ಕೋಲ ಉಳಿಯಿತು, ಕಾಳಿ ಅಡಿಟಿಪ್ಪಣಿಗೆ ಇಳಿಯಿತು. ಯುದ್ಧದ ಇತಿಹಾಸ ಬರೆಯುವವರಿಗೆ ಯುದ್ಧವೇ ಬೇಕಾದ್ದರಿಂದ ಅದು ಸಹಜ. ಆದರೆ ಕಲ್ಲು ನೆಟ್ಟ ಉದ್ದೇಶವನ್ನು ಮರೆತರೆ ಅದರ ಮಾತಿನ ತೂಕ ತಪ್ಪುತ್ತದೆ. ಈ ಶಾಸನದಲ್ಲಿ ಯುದ್ಧ ಬರುವುದು ಮಣಲೇರನಿಗೆ ನಾಯಿ ಹೇಗೆ ಸಿಕ್ಕಿತು ಎಂದು ಹೇಳುವುದಕ್ಕೆ. ಬರೆಸಿದವರಿಗೆ ಬೂತುಗ ಒಡೆಯ. ಒಡೆಯ ದೊಡ್ಡವನಾದಷ್ಟೂ ಅವನು ಕೊಟ್ಟ ನಾಯಿ ದೊಡ್ಡದು, ನಾಯಿ ದೊಡ್ಡದಾದಷ್ಟೂ ಮಣಲೇರ ದೊಡ್ಡವ. ಯುದ್ಧದಲ್ಲಿ ಬೂತುಗನ ಪಾಲು ಎಷ್ಟು ಎಂದು ಇದೇ ಕಲ್ಲನ್ನು ಕೇಳುವಾಗ ಇದನ್ನು ನೆನಪಿನಲ್ಲಿ ಇಟ್ಟುಕೊಂಡಿರಬೇಕು. ಹಾಗಂತ ಕಲ್ಲು ಸುಳ್ಳು ಹೇಳುತ್ತಿದೆ ಎಂದಲ್ಲ. ಯಾರ ಕಡೆ ನಿಂತು ಹೇಳುತ್ತಿದೆ ಎಂಬುದು ಓದುವವರಿಗೆ ಗೊತ್ತಿರಬೇಕು, ಅಷ್ಟೆ.

ಅರ್ಥೈಸುವ ಕೆಲಸ ಶುರುವಾಗುವುದು ಅರ್ಥಕ್ಕಿಂತ ಬಹಳ ಹಿಂದೆ, ಕಲ್ಲು ತೊಳೆಯುವಲ್ಲಿ. ಪಡಿಯಚ್ಚು, ಅಂದರೆ ಕಲ್ಲಿನ ಬರಹವನ್ನು ಕಾಗದದ ಮೇಲೆ ಒತ್ತಿ ತೆಗೆದ ಅಚ್ಚು, ತೆಗೆಯುವ ಕ್ರಮ ನಿಮ್ಮಲ್ಲಿ ಹಲವರಿಗೆ ಗೊತ್ತಿದೆ, ಆದರೂ ಎಲ್ಲೆಲ್ಲಿ ಎಡವುತ್ತೇವೆ ಎಂದು ತೋರಿಸಲು ಹೇಳುತ್ತೇನೆ. ಮೊದಲು ನೀರು ಮತ್ತು ಮೆತ್ತನೆಯ ಬ್ರಷ್‌ನಿಂದ ಮಣ್ಣು, ಪಾಚಿ ತೆಗೆಯಬೇಕು. ತಂತಿ ಬ್ರಷ್ ಬೇಡ, ಆಸಿಡ್ ಅಂತೂ ಬೇಡವೇ ಬೇಡ. ಗಟ್ಟಿಯಾದ, ನೀರು ಹೀರುವ ಕಾಗದವನ್ನು ನೆನೆಸಿ ಕಲ್ಲಿನ ಮೇಲೆ ಹರಡಿ, ಅಡಿಯಲ್ಲಿ ಗಾಳಿಗುಳ್ಳೆ ಉಳಿಯದಂತೆ ನಡುವಿನಿಂದ ಅಂಚಿಗೆ ಒತ್ತಿ, ಬಿರುಸು ಕೂದಲಿನ ಬ್ರಷ್‌ನಿಂದ ತಟ್ಟುತ್ತ ಹೋದರೆ ಕಾಗದ ಅಕ್ಷರದ ಗೀರಿನೊಳಗೆ ಇಳಿಯುತ್ತದೆ. ಹರಿದ ಕಡೆ ಇನ್ನೊಂದು ಚೂರು ಕಾಗದ ಅಂಟಿಸಿ ಮತ್ತೆ ತಟ್ಟಬೇಕು. ಕಾಗದ ಅರೆ ಒಣಗಿದಾಗ ಬಟ್ಟೆಯ ಉಂಡೆಗೆ ತೆಳುವಾಗಿ ಮಸಿ ಹಚ್ಚಿ ಮೇಲೆ ಮೇಲೆ ಒತ್ತಬೇಕು. ಕಲ್ಲಿನ ಮೈ ಕಪ್ಪಾಗುತ್ತದೆ, ಗೀರು ಬಿಳಿಯಾಗಿ ಉಳಿಯುತ್ತದೆ. ಒಣಗಿದ ಮೇಲೆ ಬಿಡಿಸಿ, ಮೇಲು ಯಾವುದು, ಕೆಳಗು ಯಾವುದು, ಊರು ಯಾವುದು, ಸಾಲು ಎಷ್ಟು ಎಂದು ಅಲ್ಲೇ ಬರೆದಿಡಬೇಕು. ಮನೆಗೆ ಹೋಗಿ ಬರೆಯುತ್ತೇವೆ ಎಂದವರ ಅಚ್ಚುಗಳು ಊರಿಲ್ಲದ ಅಚ್ಚುಗಳಾಗಿ ಬಿದ್ದಿರುತ್ತವೆ.

ಕಾಗದ ತೀರ ಒದ್ದೆಯಿದ್ದಾಗ ಮಸಿ ಹಚ್ಚಿದರೆ ಅದು ಗೀರಿಗೂ ಇಳಿದು ಅಕ್ಷರ ಮುಚ್ಚಿಹೋಗುತ್ತದೆ. ತೀರ ಒಣಗಿದ್ದರೆ ಕಾಗದ ಎದ್ದುಬರುತ್ತದೆ. ಕಲ್ಲಿನ ಸಹಜ ಗುಳಿಯೊಂದು ಅನುಸ್ವಾರದ ಹಾಗೆ ಕಾಣುತ್ತದೆ. ನೇಗಿಲೋ ಗುದ್ದಲಿಯೋ ತಗುಲಿದ ಗೀರು ಒತ್ತಕ್ಷರದ ಬಾಲದ ಹಾಗೆ ಕಾಣುತ್ತದೆ. ಅಚ್ಚಿನಲ್ಲಿ ಎರಡೂ ಒಂದೇ ಬಿಳಿ. ಅದಕ್ಕೇ ಅಚ್ಚನ್ನು ಮಾತ್ರ ನೋಡಿ ಓದಬಾರದು, ಕಲ್ಲಿಗೆ ಮತ್ತೆ ಹೋಗಬೇಕು. ಕೆತ್ತಿದ ಗೀರಿಗೆ ಉಳಿಯ ಕೋನವಿರುತ್ತದೆ, ಸವೆತಕ್ಕೆ ಇರುವುದಿಲ್ಲ. ಬೆರಳಿಟ್ಟು ನೋಡಿದರೆ ಗೊತ್ತಾಗುತ್ತದೆ.

ಇದಕ್ಕಿಂತ ಕೆಟ್ಟದ್ದು ಸೀಮೆಸುಣ್ಣದ ಅಭ್ಯಾಸ. ಫೋಟೊದಲ್ಲಿ ಚೆನ್ನಾಗಿ ಬರಲಿ ಎಂದು ಅಕ್ಷರದೊಳಗೆ ಸುಣ್ಣ ತುಂಬುತ್ತೇವೆ. ಯಾವ ಗೀರಿಗೆ ತುಂಬಬೇಕು, ಯಾವುದಕ್ಕೆ ಬೇಡ ಎಂದು ತೀರ್ಮಾನಿಸುವವರು ಯಾರು? ತುಂಬುವವನೇ. ಅಂದರೆ ಓದಿನ ತೀರ್ಪು ಆಗಿಹೋಗಿದೆ, ಆಮೇಲೆ ತೆಗೆದ ಫೋಟೊವನ್ನು ಅದೇ ತೀರ್ಪಿಗೆ ಸಾಕ್ಷಿಯಾಗಿ ಮುಂದಿಡುತ್ತೇವೆ. ಬೆಳಗ್ಗೆಯ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ, ಇಲ್ಲವೇ ಕತ್ತಲಾದ ಮೇಲೆ ಪಕ್ಕದಿಂದ ಟಾರ್ಚ್ ಹಿಡಿದು ತೆಗೆದ ನಾಲ್ಕು ಫೋಟೊ ಇದಕ್ಕಿಂತ ಮೇಲು: ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ಬೆಳಕು ಬಿಟ್ಟು ಒಂದೊಂದು. ಒಂದು ಕಡೆಯ ಬೆಳಕಿನಲ್ಲಿ ಮಾತ್ರ ಕಾಣುವ ಗೀರನ್ನು ಅನುಮಾನದಿಂದಲೇ ನೋಡಬೇಕು. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಅದರ ದೊಡ್ಡ ಲಾಭವೂ ಇದೇ, ಬೆಳಕಿನ ದಿಕ್ಕನ್ನು ಆಮೇಲೂ ಬದಲಿಸಿ ನೋಡಬಹುದು.

ಅಕ್ಷರ ಕಂಡ ಮೇಲೂ ಪದ ಕಾಣುವುದಿಲ್ಲ. ಶಾಸನದಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿ ಇಲ್ಲ. ಹಳೆಯ ಲಿಪಿಯಲ್ಲಿ ಎ–ಏ, ಒ–ಓ ಭೇದವಿಲ್ಲ, ‘ಕೊಡು’ ಎಂದು ಓದಬೇಕೋ ‘ಕೋಡು’ ಎಂದು ಓದಬೇಕೋ ಸಂದರ್ಭವೇ ಹೇಳಬೇಕು. ಸಾಲು ಮುಗಿಯುವಲ್ಲಿ ಪದವೂ ಮುಗಿಯಬೇಕೆಂಬ ನಿಯಮವಿಲ್ಲ. ಹೀಗೆ ಅಖಂಡವಾಗಿ ಹರಿಯುವ ಅಕ್ಷರಗಳನ್ನು ತುಂಡು ಮಾಡುವಾಗಲೇ ನಮ್ಮ ಊಹೆಗಳು ಒಳಗೆ ಸೇರುತ್ತವೆ. ಆದ್ದರಿಂದ ಅಚ್ಚಾದ ಪಾಠದಲ್ಲಿ ಚೌಕ ಕಂಸ ಕಂಡರೆ ಹಾರಿಸಿ ಓದಬೇಡಿ. ಕಂಸದೊಳಗಿನದು ಸಂಪಾದಕರು ತುಂಬಿದ್ದು ಅಥವಾ ಅನುಮಾನಿಸಿದ್ದು. ಪಠ್ಯಪುಸ್ತಕಕ್ಕೆ ಇಳಿಯುವ ಹೊತ್ತಿಗೆ ಕಂಸ ಬಿದ್ದುಹೋಗಿ ಅನುಮಾನ ನಿಶ್ಚಯವಾಗುತ್ತದೆ. ಶಾಸನದ ಅರ್ಥ ಕೆಡುವುದು ಹೆಚ್ಚಾಗಿ ಆ ದಾರಿಯಲ್ಲೇ ಎಂದು ನನ್ನ ಎಣಿಕೆ.

ಆತಕೂರಿನ ಕಲ್ಲಿನಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಇದೆ. ಬೂತುಗ ರಾಜಾದಿತ್ಯನನ್ನು ಕೊಂದ ಬಗೆಯನ್ನು ಹೇಳುವ ಸಾಲಿನಲ್ಲಿ ಶಾಸನತಜ್ಞ ಜೆ. ಎಫ್. ಫ್ಲೀಟ್ ಮೊದಲು ಮೋಸದ ಅರ್ಥ ಕಂಡಿದ್ದರು. ಬೂತುಗ ವಂಚನೆಯಿಂದ ಇರಿದು ಕೊಂದ ಎಂಬ ಮಾತು ಅಲ್ಲಿಂದ ಹರಡಿತು. ಸಾಲನ್ನು ಮತ್ತೆ ಓದಿದಾಗ ಬಂದ ಅರ್ಥವೇ ಬೇರೆ: ‘ಬಿಸುಗೆಯೆ ಕಳನಾಗಿ’, ಅಂದರೆ ಆನೆಯ ಮೇಲಿನ ಅಂಬಾರಿಯೇ ಕಾಳಗದ ಕಣವಾಗಿ, ಸುರಗಿಯಿಂದ (ಕಿರುಗತ್ತಿಯಿಂದ) ಇರಿದು ಕೊಂದ. ಮೊದಲನೆಯ ಓದಿನಲ್ಲಿ ಕೊಲೆ, ಎರಡನೆಯದರಲ್ಲಿ ಆನೆ ಏರಿ ಎದುರಾಎದುರು ಕಾದಾಟ.

ಈ ಬದಲಾವಣೆಯಿಂದ ಸಾಲಿನ ಆಚೆಗೂ ಏನೇನು ಕದಲಿತು ನೋಡಿ. ಮೋಸ ಎಂದು ಓದಿದರೆ ಬನವಾಸಿ 12000 ಒಂದು ಪಾಪದ ಕೆಲಸಕ್ಕೆ ಕೊಟ್ಟ ಕೂಲಿ. ಕಾದಾಟ ಎಂದು ಓದಿದರೆ ಅದೇ ನಾಡು ಶೌರ್ಯಕ್ಕೆ ಕೊಟ್ಟ ಮೆಚ್ಚುಗೆ. ಎರಡನೆಯ ಓದೇ ಸರಿ ಎನ್ನಲು ವ್ಯಾಕರಣ ಮಾತ್ರವಲ್ಲ, ಶಾಸನದ ಜಾತಿಯೂ ಕಾರಣ. ಒಡೆಯನನ್ನು ಹೊಗಳುವ ಕಲ್ಲಿನಲ್ಲಿ ಒಡೆಯ ಮೋಸಗಾರ ಎಂದು ಆಳು ಕೆತ್ತಿಸುತ್ತಾನೆಯೇ? ಹೀಗೆ ಕೇಳಿಕೊಂಡಿದ್ದರೆ ಮೊದಲ ಓದು ಹರಡುವ ಮುನ್ನವೇ ಅನುಮಾನ ಬರಬೇಕಿತ್ತು. ಬರೆಸಿದವನ ಉದ್ದೇಶಕ್ಕೆ ಎದುರಾದ ಅರ್ಥವೊಂದು ಓದಿನಲ್ಲಿ ಹೊಮ್ಮಿದರೆ, ಅದನ್ನು ದೊಡ್ಡ ಶೋಧ ಎಂದು ಸಾರುವ ಮೊದಲು ಅಕ್ಷರಗಳನ್ನು ಇನ್ನೊಮ್ಮೆ ನೋಡಬೇಕು.

ಇನ್ನು ಎದುರು ಪಕ್ಷದ ಸಾಕ್ಷಿ. ನೆದರ್ಲೆಂಡ್ಸ್‌ನ ಲೈಡನ್ ಸೇರಿದ್ದರಿಂದ ಆ ಹೆಸರು ಪಡೆದ ಚೋಳರ ದೊಡ್ಡ ತಾಮ್ರಪಟಗಳಲ್ಲಿ ಇದೇ ಯುದ್ಧದ ಮಾತಿದೆ. ರಾಜರಾಜ ಕೊಟ್ಟ ದಾನವನ್ನು ಮಗ ರಾಜೇಂದ್ರ ಕೆತ್ತಿಸಿದ ಶಾಸನ ಅದು, ಯುದ್ಧವಾಗಿ ಅರ್ಧ ಶತಮಾನ ಕಳೆದ ಮೇಲಿನದು. ಅದರ ಪ್ರಕಾರ ರಾಜಾದಿತ್ಯ ಕೃಷ್ಣರಾಜನ ಪಡೆಯನ್ನು ನಡುಗಿಸಿ, ಆನೆಯ ಮೇಲೆ ಇದ್ದಾಗಲೇ ಎದೆಗೆ ಹರಿತ ಬಾಣ ತಾಗಿ ವೀರರ ಲೋಕಕ್ಕೆ ಹೋದ. ಬೂತುಗನ ಹೆಸರಿಲ್ಲ, ಸುರಗಿಯೂ ಇಲ್ಲ. ಎರಡು ಶಾಸನ ಒಪ್ಪುವುದು ಎಲ್ಲಿ? ಆನೆಯ ಮೇಲೆ, ಕಾದುತ್ತ ಸತ್ತ ಎಂಬಲ್ಲಿ. ಗೆದ್ದವರೂ ಸೋತವರೂ ಒಪ್ಪಿದ ಆ ಅಂಶ ಗಟ್ಟಿ. ಕೊಂದವನು ಯಾರು, ಯಾವ ಆಯುಧದಿಂದ ಎಂಬುದು ಗಟ್ಟಿಯಲ್ಲ. ಚೋಳರಿಗೆ ತಮ್ಮ ರಾಜಕುಮಾರ ಸಾಮಂತನೊಬ್ಬನ ಕೈಯಲ್ಲಿ ಸತ್ತ ಎನ್ನುವುದಕ್ಕಿಂತ ಚಕ್ರವರ್ತಿಯ ಪಡೆಯ ಬಾಣಕ್ಕೆ ಸತ್ತ ಎನ್ನುವುದು ಮೇಲು. ಮಣಲೇರನ ಕಡೆಯವರಿಗೆ ತಮ್ಮ ಒಡೆಯನೇ ಕೊಂದ ಎನ್ನುವುದು ಬೇಕು. ನನ್ನನ್ನು ಕೇಳಿದರೆ ಆತಕೂರಿನ ಕಡೆ ತೂಕ ತುಸು ಹೆಚ್ಚು. ಕಾದಾಟ ಕಂಡವರು ಬದುಕಿರುವಾಗಲೇ, ಅದಾದ ಕೂಡಲೇ ಬರೆಸಿದ್ದು ಅದು, ನಾಡುಗಳ ದಾನದ ವಿವರವನ್ನೂ ಜತೆಗೆ ಕೊಡುತ್ತದೆ.

ಇದೇ ಯುದ್ಧವನ್ನು ಕನ್ನಡಿಗರು ತಮಿಳರನ್ನು ಗೆದ್ದದ್ದು ಎಂದು ಹೇಳುವ ರೂಢಿ ಈಚೆಗೆ ಬೆಳೆದಿದೆ. ಕಲ್ಲಿನಲ್ಲಿ ಅಂಥ ಮಾತಿಲ್ಲ. ಅಲ್ಲಿರುವುದು ಒಡೆಯ, ಆಳು, ಮೆಚ್ಚುಗೆ, ನಾಡು. ಇದೇ ಕಲ್ಲು ಬೂತುಗ ರಾಚಮಲ್ಲನನ್ನು ಕಾದಿ ಕೊಂದು ಗಂಗವಾಡಿ 96000 ಆಳುತ್ತಿದ್ದ ಎಂದೂ ಹೇಳುತ್ತದೆ. ರಾಚಮಲ್ಲನೂ ಗಂಗನೇ, ಬೂತುಗನ ಮನೆತನದವನೇ. ತಕ್ಕೋಲದ ಸಾಲನ್ನು ಎತ್ತಿ ತೋರಿಸುವವರು ರಾಚಮಲ್ಲನ ಸಾಲನ್ನು ಬಿಡುತ್ತಾರೆ. ಆಯ್ದು ಓದುವುದು ತಪ್ಪು ಓದಿಗಿಂತ ಅಪಾಯದ್ದು. ತಪ್ಪು ಓದನ್ನು ಇನ್ನೊಬ್ಬ ಓದುಗ ತಿದ್ದುತ್ತಾನೆ. ಬಿಟ್ಟ ಸಾಲು ಮಾತ್ರ ಕಲ್ಲಿನ ಬಳಿಗೆ ಹೋಗದವರಿಗೆ ಕಾಣುವುದೇ ಇಲ್ಲ.

ಕಾಲಗಣನೆಗೆ ಬರೋಣ. ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಶಾಸನದಲ್ಲಿ ಶಕ 872, ಸೌಮ್ಯ ಸಂವತ್ಸರ ಎಂದಿದೆ. ಶಕ ವರ್ಷಕ್ಕೆ 78 ಕೂಡಿಸಿ ಕ್ರಿ.ಶ. ಮಾಡಿದರೆ 950–51 ಬರುತ್ತದೆ. ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಸಂವತ್ಸರವನ್ನೂ ಪರೀಕ್ಷಿಸಬೇಕು. ಗತ, ಅಂದರೆ ಕಳೆದುಹೋದ, ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ, ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆಯಾದರೆ ಕೊನೆಯ ಅಕ್ಷಯ. ಈಗ 872ಕ್ಕೆ 12 ಕೂಡಿಸಿದರೆ 884, ಶೇಷ 44. ನಲವತ್ತನಾಲ್ಕನೆಯದು ಸಾಧಾರಣ, ಸೌಮ್ಯವಲ್ಲ. ಒಂದು ಕಡಿಮೆ ಮಾಡಿ 871 ಇಟ್ಟರೆ 883, ಶೇಷ 43, ಸೌಮ್ಯ. ಅಂದರೆ ಶಾಸನ ಹೇಳುವ 872 ಕಳೆದ ವರ್ಷಗಳ ಸಂಖ್ಯೆಯಲ್ಲ, ನಡೆಯುತ್ತಿದ್ದ ವರ್ಷದ್ದು. ಆದ್ದರಿಂದ ಕಾಲ 949–50. ಸಂವತ್ಸರವೂ ಶಕವೂ ಹೊಂದದೆ ಹೋದಾಗ ಕೆತ್ತಿದವನು ತಪ್ಪಿದ ಎಂದು ಕೂಡಲೇ ಹೇಳಬೇಡಿ. ಮೊದಲು ಗತವೋ ವರ್ತಮಾನವೋ ನೋಡಿ, ಆಮೇಲೆ ತಿಥಿ, ವಾರ, ಗ್ರಹಣ ಇದ್ದರೆ ಅವನ್ನು ಹೊಂದಿಸಿ ನೋಡಿ. ಇಷ್ಟಾದ ಮೇಲೂ ಎರಡಕ್ಕಿಂತ ಹೆಚ್ಚು ಅಂಶ ಕೆಟ್ಟರೆ ಶಾಸನ ಆಮೇಲಿನ ಕಾಲದ ಕೂಟಶಾಸನ (ಖೋಟಾ ಶಾಸನ) ಇರಬಹುದೇ ಎಂದು ಯೋಚಿಸಬೇಕು.

ಸಂಖ್ಯೆಗಳ ಮಾತು ಬಂದದ್ದರಿಂದ ಗಂಗವಾಡಿ 96000ದ ಬಗ್ಗೆ ಒಂದು ಮಾತು. ಇದನ್ನು ಹಳ್ಳಿಗಳ ಲೆಕ್ಕ ಎಂದು ಓದುವವರಿದ್ದಾರೆ. ಇಂದಿನ ಇಡೀ ಕರ್ನಾಟಕದಲ್ಲಿ ಸುಮಾರು 29 ಸಾವಿರ ಹಳ್ಳಿಗಳಿವೆ. ಅದರ ತೆಂಕಣ ಪಾಲಿನಲ್ಲಿ, ಸಾವಿರ ವರ್ಷದ ಹಿಂದೆ, 96 ಸಾವಿರ ಹಳ್ಳಿ ಇದ್ದಿರಲಾರದು. ಆದಾಯದ ಲೆಕ್ಕ ಎನ್ನುವವರಿದ್ದಾರೆ, ರೂಢಿಯ ಹೆಸರು ಎನ್ನುವವರೂ ಇದ್ದಾರೆ. ಆದರೆ ‘ಆತಕೂರು 12’ ಎಂಬಂಥ ಸಣ್ಣ ಸಂಖ್ಯೆಗಳು ಹಳ್ಳಿಗಳ ಎಣಿಕೆಯೇ ಇರಬಹುದು. ಒಂದೇ ಬಗೆಯ ಬರಹದಲ್ಲಿ ಸಣ್ಣ ಸಂಖ್ಯೆಗೆ ಒಂದು ಅರ್ಥ, ದೊಡ್ಡ ಸಂಖ್ಯೆಗೆ ಇನ್ನೊಂದು ಅರ್ಥ ಇರಲು ಅಡ್ಡಿಯಿಲ್ಲ.

ಐಹೊಳೆಯ ಮೇಗುತಿ ದೇವಾಲಯದ ರವಿಕೀರ್ತಿಯ ಶಾಸನದಲ್ಲೂ ಸಂಖ್ಯೆಯ ತೊಡಕಿದೆ. ಭಾರತ ಯುದ್ಧದಿಂದ 3735 ವರ್ಷ, ಶಕರ ಕಾಲದಿಂದ 556 ವರ್ಷ ಎಂದು ಅದು ಹೇಳುತ್ತದೆ. ಕ್ರಿ.ಶ. 634–35 ಸಿಗುವುದು ಹೀಗೆ. ಮಹಾಭಾರತ ಯುದ್ಧ ಕ್ರಿ.ಪೂ. 3100ರ ಸುಮಾರಿನಲ್ಲಿ ನಡೆಯಿತು ಎನ್ನುವುದಕ್ಕೆ ಇದನ್ನು ಸಾಕ್ಷಿ ಮಾಡುತ್ತಾರೆ. ಎರಡು ಸಂಖ್ಯೆಗಳ ಅಂತರ 3179, ಜ್ಯೋತಿಷಿಗಳು ಕಲಿಯುಗಕ್ಕೂ ಶಕಕ್ಕೂ ನಡುವೆ ಇಡುವ ಅಂತರವೂ ಅಷ್ಟೇ. ಅಂದರೆ ಏಳನೆಯ ಶತಮಾನದ ವಿದ್ವಾಂಸನೊಬ್ಬ ಅಂದಿನ ಜ್ಯೋತಿಷದ ಗಣನೆಯನ್ನು ಒಪ್ಪಿ ಬಳಸಿದ್ದ ಎನ್ನುವುದಕ್ಕೆ ಅದು ಒಳ್ಳೆಯ ಸಾಕ್ಷಿ. ಯುದ್ಧ ಯಾವಾಗ ನಡೆಯಿತು ಎನ್ನುವುದಕ್ಕೆ ಅಲ್ಲ.

ಕೊನೆಯದಾಗಿ ನಡವಳಿಕೆಯನ್ನು ಓದುವ ಕಷ್ಟ. ಅಕ್ಷರ ಸರಿಯಾಗಿ ಓದಿದರೂ ಆ ಮನುಷ್ಯರು ಹಾಗೆ ಏಕೆ ಮಾಡಿದರು ಎಂಬಲ್ಲಿ ನಾವು ಸುಲಭವಾಗಿ ಜಾರುತ್ತೇವೆ. ತಿರುಮಕೂಡಲು ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯ ಒಂಬತ್ತನೆಯ ಶತಮಾನದ ಕಲ್ಲಿನಲ್ಲಿ ಗಂಗ ನೀತಿಮಾರ್ಗ ಮಂಚದ ಮೇಲೆ ಒರಗಿ ಸಾಯುತ್ತಿರುವ ಚಿತ್ರವಿದೆ. ಅವನ ಮನೆಮಗ ಅಗರಯ್ಯ ಅವನಿಗೆ ‘ಕೀೞ್ಗುಂಠೆ’ಯಾದ ಎಂದು ಬರಹ. ಒಡೆಯನ ಹೆಣದ ಕೆಳಗೆ ಹೂಳಿಸಿಕೊಂಡ ಎಂದು ಅದನ್ನು ವಿವರಿಸುತ್ತಾರೆ. ನಾವು ಇದನ್ನು ಸ್ವಾಮಿಭಕ್ತಿ ಎಂದು ಓದಿ ಕೈ ಮುಗಿಯುತ್ತೇವೆ, ಇಲ್ಲವೇ ಕ್ರೌರ್ಯ ಎಂದು ತಲೆ ಕೊಡವುತ್ತೇವೆ. ಎರಡರ ನಡುವೆ ಕೇಳಬೇಕಾದ ಪ್ರಶ್ನೆಗಳಿವೆ. ಸತ್ತವನ ಮನೆಗೆ ಭೂಮಿ ಸಿಕ್ಕಿತೇ? ವೀರಗಲ್ಲುಗಳಲ್ಲಿ ನೆತ್ತರುಗೊಡಗೆ, ಕಲ್ನಾಡು, ಬಾಳ್ಗಚ್ಚು ಎಂಬ ದಾನಗಳು ಮತ್ತೆ ಮತ್ತೆ ಬರುತ್ತವೆ. ಸಾವಿಗೆ ಪ್ರತಿಯಾಗಿ ಮನೆತನಕ್ಕೆ ಗದ್ದೆ, ಹೆಸರು, ಊರಿನಲ್ಲಿ ಸ್ಥಾನ. ಅಂಥ ಏರ್ಪಾಡು ಇದ್ದ ಸಮಾಜದಲ್ಲಿ ಭಕ್ತಿ ಯಾವುದು, ಬದುಕಿನ ಲೆಕ್ಕ ಯಾವುದು, ಒತ್ತಾಯ ಯಾವುದು ಎಂದು ಬೇರ್ಪಡಿಸಲು ಒಂದು ಸಾಲು ಸಾಲದು. ಒಂದೇ ಸೀಮೆಯ ಹತ್ತಾರು ಕಲ್ಲುಗಳನ್ನು ಒಟ್ಟಿಗೆ ಇಟ್ಟು, ಯಾರ ಮನೆಗೆ ಎಷ್ಟು ಭೂಮಿ, ಕೊಟ್ಟವರು ಯಾರು ಎಂದು ಪಟ್ಟಿ ಮಾಡಿದಾಗ ಮಾತ್ರ ಏನಾದರೂ ಹೇಳಬಹುದು.

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಕಲ್ಲೊಂದಿದೆ. ಕಾಳಿ ಸತ್ತ ಬೆಳತೂರಿನ ಜತೆ ಇದನ್ನು ಬೆರೆಸಬೇಡಿ. ನುಗುನಾಡಿನ ಒಡೆಯ ರವಿಗನ ಮಗಳು ದೇಕಬ್ಬೆಯ ಗಂಡ ಏಚನನ್ನು ಚೋಳ ರಾಜ ತಲಕಾಡಿನಲ್ಲಿ ಕೊಲ್ಲಿಸುತ್ತಾನೆ. ಸುದ್ದಿ ಕೇಳಿದ ದೇಕಬ್ಬೆ ಕಿಚ್ಚಿಗೆ ಬೀಳಲು ಹೊರಡುತ್ತಾಳೆ. ತಂದೆ ತಾಯಿ, ನೆಂಟರು ಬೇಡವೆಂದು ತಡೆಯುತ್ತಾರೆ, ಅವಳು ಒಪ್ಪುವುದಿಲ್ಲ, ದಾನ ಕೊಟ್ಟು ಬೆಂಕಿ ಹೊಗುತ್ತಾಳೆ. ಸಹಗಮನ ಮಾಡಿದವರ ನೆನಪಿಗೆ ನೆಟ್ಟ ಮಾಸ್ತಿಕಲ್ಲುಗಳಲ್ಲಿ ಹೆಚ್ಚಿನವು ಬಳೆ ತೊಟ್ಟ ಎತ್ತಿದ ಕೈಯೊಂದನ್ನು ತೋರಿಸಿ ಸುಮ್ಮನಾಗುತ್ತವೆ. ಇಲ್ಲಿ ಮಾತ್ರ ಪದ್ಯದಲ್ಲಿ ಇಡೀ ಪ್ರಸಂಗವಿದೆ. ಅವಳು ಸ್ವಂತ ಇಚ್ಛೆಯಿಂದ ಹೋದಳು ಎನ್ನುವುದಕ್ಕೆ ಇದನ್ನು ಸಾಕ್ಷಿ ಎನ್ನುತ್ತಾರೆ. ಹಾಗೆನ್ನುವ ಮೊದಲು ಎರಡು ಸಂಗತಿ ಗಮನಿಸಬೇಕು. ಅವಳ ಬಾಯಲ್ಲಿ ಇಟ್ಟ ಮಾತು ಕವಿಯದು. ತಡೆದವರನ್ನು ಮೀರಿ ಹೋದಳು ಎಂದು ಹೇಳಿದರೆ ಅವಳ ಹಿರಿಮೆ ಹೆಚ್ಚುತ್ತದೆ, ಉಳಿದವರ ಮೇಲಿನ ಹೊಣೆಯೂ ಇಳಿಯುತ್ತದೆ. ಇನ್ನೊಂದು ಕಡೆಯಿಂದ, ತಡೆದದ್ದನ್ನು ಕೆತ್ತಿಸಲು ನಾಚಿಕೆಪಡಲಿಲ್ಲ ಎಂಬುದೂ ಮುಖ್ಯ. ಮಗಳನ್ನು ಬೆಂಕಿಯಿಂದ ಹಿಂದೆಗೆಯಲು ನೋಡುವುದು ಆ ಮನೆಯಲ್ಲಿ, ಆ ಕಾಲದಲ್ಲಿ, ಹೀನ ಕೆಲಸ ಎನಿಸಿರಲಿಲ್ಲ. ದೇಕಬ್ಬೆಯ ಮನಸ್ಸಿನಲ್ಲಿ ಏನಿತ್ತು ಎಂದು ಈ ಕಲ್ಲು ನಮಗೆ ಹೇಳಲಾರದು. ಹನ್ನೊಂದನೆಯ ಶತಮಾನದ ನುಗುನಾಡಿನಲ್ಲಿ ಸಹಗಮನ ಎಲ್ಲರೂ ಒಪ್ಪಿದ, ಯಾರೂ ಪ್ರಶ್ನಿಸದ ಕಟ್ಟಳೆಯಾಗಿರಲಿಲ್ಲ ಎಂದು ಮಾತ್ರ ಹೇಳಬಲ್ಲದು.